ಸರೋವರ ತೆರೆದ ದಿನ

ಹೊಂಕರಾಂತಾ ಪೇಟೆಗೆ ವಸಂತ ಬಂತೋ ಇಲ್ಲವೋ ಎಂದು ಹೇಳುವ ಹಕ್ಕು ಔನೆಯದು. ಪಂಚಾಂಗಕ್ಕಾಗಲಿ ಪಾದ್ರಿಗಾಗಲಿ ಅದರಲ್ಲಿ ಮಾತಿಲ್ಲ. ಇಗರ್ಜಿಯ ದಡದಿಂದ ಹೊರಟ ದೋಣಿ, ಹುಟ್ಟಿಗೆ ಒಂದು ಚೂರು ಮಂಜುಗಡ್ಡೆಯೂ ತಾಗದಂತೆ ಎದುರಿನ ನಡುಗಡ್ಡೆ ಮುಟ್ಟಿತೆಂದರೆ ಚಳಿಗಾಲವಿಡೀ ಹೆಪ್ಪುಗಟ್ಟಿದ್ದ ಸರೋವರ ತೆರೆದ ಹಾಗೆ. ಆ ತಾರೀಕನ್ನೂ ಹುಟ್ಟು ಹಾಕಿದವರ ಹೆಸರನ್ನೂ ದಪ್ಪ ಪುಸ್ತಕವೊಂದರಲ್ಲಿ ಬರೆದಿಡುವ ಕೆಲಸ ಔನೆಯ ಮಾವನ ಕಾಲದಿಂದ ಆ ಮನೆಗೇ ಬಂದಿತ್ತು.

ಈಗ ಆ ಪುಸ್ತಕ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಊರಿನ ವಸ್ತುಸಂಗ್ರಹಾಲಯ ನೋಡಿಕೊಳ್ಳುವ ರೈಲಿ, ಸರೋವರದ ಮೀನು, ಹಕ್ಕಿ, ಪೇಟೆಯ ಹಳೆಯ ಕಥೆಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸುವವಳಿದ್ದಳು. ಹಲವು ದಶಕಗಳ ಈ ಪಟ್ಟಿಯನ್ನು ನಕಲು ಮಾಡಿಕೊಳ್ಳಲು ಬಂದಿದ್ದಳು. ಪಕ್ಕದ ಮನೆಯ ಏವೆರ್ತಿಯೂ ಕೂತಿದ್ದ. ಕಾಫಿಯ ವಾಸನೆ ಬಂದರೆ ಅವನು ಕರೆಯದೆಯೇ ಬರುವ ಆಸಾಮಿ.

"ಸರಿಯಾಗಿ ನೋಡ್ಕೊಮ್ಮ ರೈಲಿ," ಎಂದ ಏವೆರ್ತಿ, ಬನ್ನನ್ನು ಕಾಫಿಗೆ ಅದ್ದುತ್ತ. "ಇವಳ ತಾರೀಕು ಯಾವಾಗಲೂ ಒಂದಿನ ಆಚೆ ಈಚೆ. ಪ್ರತಿ ವರ್ಷ ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಯ್ತು."

"ಎಲ್ಲಿ ಬಿತ್ತು? ಇನ್ನೂ ತಿಂತಾನೇ ಇದೆಯಲ್ಲ," ಎಂದಳು ಔನೆ. ಆದರೆ ಅವಳ ಕಣ್ಣು ಪುಸ್ತಕದ ಮೇಲೇ ಇತ್ತು. ರೈಲಿಯ ಬೆರಳು ಐವತ್ತೆರಡನೇ ಇಸವಿಗೆ ಬಂದು ನಿಂತಿತ್ತು. ಮೇ ಆರು. ಹುಟ್ಟು ಹಾಕಿದವರು, ತೌನೋ, ಅವಳ ಗಂಡ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಇಷ್ಟು ವರ್ಷ ಬರೆದದ್ದನ್ನೆಲ್ಲ ಊರು ಅನುಮಾನದಿಂದ ನೋಡುತ್ತದೆ, ಅದೂ ಈ ಏವೆರ್ತಿಯ ಎದುರಿಗೆ. ಆದರೂ ಸುಳ್ಳು ಅಚ್ಚಾಗುವುದನ್ನು ನೋಡುವ ಗಟ್ಟಿ ಎದೆ ಅವಳಿಗಿರಲಿಲ್ಲ.

"ಅದನ್ನ ಬರ್ಕೋಬೇಡ ರೈಲಿ. ಅದು ಸುಳ್ಳು."

ರೈಲಿಯ ಪೆನ್ನು ನಿಂತಿತು.

"ಅವರು ಆಗ ಕುವೊಪಿಯೋ ಪಟ್ಟಣದ ಆಸ್ಪತ್ರೇಲಿದ್ರು. ಹೋದಾಗೆಲ್ಲ ಒಂದೇ ಪ್ರಶ್ನೆ, ಸರೋವರ ತೆರೀತಾ, ಸರೋವರ ತೆರೀತಾ ಅಂತ. ಅದು ತೆರೆಯೋವರೆಗೆ ಅವರು ಉಳೀತಾರೋ ಇಲ್ವೋ ಅನ್ನಿಸ್ತು. ಹೂಂ, ತೆರೀತು ಅಂದುಬಿಟ್ಟೆ. ದಡದಲ್ಲಿ ಜನ ಇನ್ನೂ ಮಂಜುಗಡ್ಡೆ ಮೇಲೆ ನಡೀತಿದ್ರು! ಮನೆಗೆ ಬಂದು ಅದನ್ನೇ ಬರೆದೆ, ಅವರ ಹೆಸರನ್ನೇ ಹಾಕಿದೆ. ಮೇ ಇಪ್ಪತ್ತಕ್ಕೆ ಹೋಗಿಬಿಟ್ರು. ಸಾಯೋ ಮನುಷ್ಯನಿಗೆ ಸುಳ್ಳು ಹೇಳಿ ಕಳಿಸ್ದೆ ನಾನು."

ಮೂವತ್ತೈದು ವರ್ಷ ಹೊಟ್ಟೆಯೊಳಗಿಟ್ಟುಕೊಂಡ ಮಾತು ಅದು. ಅವಳು ಏವೆರ್ತಿಯ ಕಡೆ ತಿರುಗಿದಳು. "ಆಡ್ಕೋ ಇನ್ನು. ಅದಕ್ಕೇ ಕಾದಿದ್ದೆಯಲ್ಲ."

ಏವೆರ್ತಿ ಆಡಿಕೊಳ್ಳಲಿಲ್ಲ. ಬನ್ನನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡ.

"ಹದಿನಾಲ್ಕು," ಎಂದ. "ಆ ವರ್ಷ ತೆರೆದದ್ದು ಮೇ ಹದಿನಾಲ್ಕಕ್ಕೆ. ಇಗರ್ಜಿ ದಡದಿಂದ ನಿಮ್ಮ ಮನೆಯವರ್ಯಾರೂ ದೋಣಿ ಹೊರಡಿಸಲಿಲ್ಲ. ಅದಕ್ಕೆ ನಾನೇ ಹೋದೆ, ತೌನೋನ ದೋಣೀಲೇ."

"ಗೊತ್ತಿತ್ತಾ ನಿನಗೆ? ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ? ಬೇರೆ ವರ್ಷದ್ದಕ್ಕೆಲ್ಲ ಬೀದಿ ಜಗಳ ಆಡಿದೀಯ!"

"ಅವನು ಬೇಡ ಅಂದ." ಏವೆರ್ತಿ ಕಿಟಕಿಯಾಚೆ ನೋಡಿದ. "ಅವತ್ತು ಸಂಜೆ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. 'ತೌನೋ, ಇವತ್ತು ಸರೋವರ ತೆರೀತು ಕಣೋ' ಅಂದೆ. 'ಇವತ್ತಾ? ಔನೆ ಆರನೇ ತಾರೀಕಿಗೇ ತೆರೆಸಿಬಿಟ್ಟಿದಾಳೆ, ನಂಗಾಗಿ' ಅಂದ. ಆಮೇಲೆ ನನ್ನ ಕೈ ಹಿಡ್ಕೊಂಡು, 'ಇದೊಂದು ವರ್ಷದ ವಿಷಯಕ್ಕೆ ಅವಳ ಹತ್ರ ಜಗಳ ತೆಗೀಬೇಡ ಮಾರಾಯ' ಅಂದ. ನಾನೂ ಹೂಂ ಅಂದೆ."

ಔನೆ ಪುಸ್ತಕ ತನ್ನ ಕಡೆ ಎಳೆದುಕೊಂಡು ಆರನ್ನು ಹೊಡೆದುಹಾಕಿ ಹದಿನಾಲ್ಕು ಬರೆದಳು. ಹುಟ್ಟು ಹಾಕಿದವರ ಜಾಗದಲ್ಲಿ ಏವೆರ್ತಿಯ ಹೆಸರು ಬರೆಯುವಾಗ ಕಣ್ಣು ಮಂಜಾಗಿ ಸಾಲು ಸೊಟ್ಟಗೆ ಹೋಯಿತು. ರೈಲಿ ಮೆಲ್ಲಗೆ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಅದನ್ನ ಹೇಳುವಾಗ ಹೇಗಿದ್ರು?" ಔನೆ ತಲೆ ಎತ್ತದೆ ಕೇಳಿದಳು. "ಬೇಜಾರಲ್ಲಿದ್ರಾ?"

"ಬೇಜಾರಾ? ಹೊಟ್ಟೆ ಹಿಡ್ಕೊಂಡು ನಕ್ಕ. ಕೆಮ್ಮು ಬರೋವಷ್ಟು ನಕ್ಕ. ನರ್ಸು ಬಂದು ನನ್ನ ಹೊರಗೆ ಹಾಕಿದ್ಲು."

"ನಕ್ಕರಾ?"

"ನಕ್ಕ ಕಣೇ."

"ಇನ್ನೊಂದ್ಸಲ ಹೇಳು," ಎಂದಳು ಔನೆ.