ಬಾಗಿಲುಗಳ ನಡುವಿನ ಸಂದಿ

ಹೊತ್ತು ಮುಳುಗಿತೆಂದರೆ ಸಾಕು, ಹಂಪಕ್ಕಜ್ಜಿ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತೇ ಬಿಡುತ್ತಿದ್ದಳು. "ನಡಿಯವ್ವ, ಮನಿಗೆ ಹೋಗಾಣು." ಆ ಮನೆಯೋ, ಅಣೆಕಟ್ಟು ಕಟ್ಟಿದಾಗಲೇ ಊರ ಸಮೇತ ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿತ್ತು. ಹೇಳಿದರೆ ಕೇಳಬೇಕಲ್ಲ! ಮಗುವಿನಂತೆ ಅಳುತ್ತಿದ್ದಳು. ಮೊಮ್ಮಗಳು ಯಶೋಧಾಗೆ ಕರುಳು ಕಿತ್ತು ಬರುತ್ತಿತ್ತು. ಒಂದೇ ಒಂದು ಸಲ ಅಜ್ಜಿಯನ್ನು ಮನೆ ಮುಟ್ಟಿಸಬೇಕೆಂದು ಹಟ ತೊಟ್ಟಳು.

ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವವಳು. ಊರು ಮುಳುಗುವ ಮುಂಚೆ ಜನ ತಂತಮ್ಮ ಬಾಗಿಲು ಕಿತ್ತು ತಂದಿದ್ದರಲ್ಲ, ಆ ಬಾಗಿಲುಗಳನ್ನು ಹುಡುಕಿ ಹುಡುಕಿ ಫೋಟೋ ತೆಗೆದಳು. ಓಣಿಯ ಸಾಲಿನಂತೆಯೇ ಒಂದು ವೆಬ್ ಪುಟಕ್ಕೆ ಹಾಕಿದಳು. ಯಾರೋ ಪುಣ್ಯಾತ್ಮರು ಬರೆದಿಟ್ಟ, ಚಿತ್ರಗಳನ್ನು ತಾನಾಗಿಯೇ ಹೊಂದಿಸುವ ಸ್ಕ್ರಿಪ್ಟ್ ಲೈಬ್ರರಿಯೆಂಬ ಸಿದ್ಧ ಪ್ರೋಗ್ರಾಂ ಒಂದನ್ನು ಅದಕ್ಕೆ ಜೋಡಿಸಿದ್ದೇ ತಡ, ಬಾಗಿಲುಗಳು ನೀರೊಳಗೆ ತೇಲಿದಂತೆ ಸರಿದು ಸರಿದು ಚೌಕಚೌಕವಾಗಿ ನಿಂತವು. ಎಲ್ಲಿ ಖಾಲಿ ಕಂಡರೂ ಪಕ್ಕದ ಚಿತ್ರ ತಂದು ಮುಚ್ಚುವುದೇ ಅದರ ಕೆಲಸ.

ಅಂದು ಸಂಜೆ ಅಜ್ಜಿ ಚೀಲ ಹಿಡಿದುಕೊಂಡೇ ಪರದೆಯ ಮೇಲೆ ಬೆರಳಿಟ್ಟು ನಡೆದಳು. "ಇದು ಗಾಳೆಪ್ಪನ ಮನಿ. ಇದು ಓಬಮ್ಮಂದು." ಗುಡಿಯ ಬಾಗಿಲು ಬಂತು. ಬೆರಳು ನಿಂತಿತು. ತಟಕ್ಕನೆ ಸೆರಗನ್ನು ತಲೆಗೆಳೆದುಕೊಂಡಳು.

"ಯಾಕಜ್ಜಿ?"

"ಗುಡಿಕಟ್ಟಿ ಮ್ಯಾಲೆ ದೊಡ್ಡೋರು ಕುಂತಿರ್ತಾರ. ಸೊಸಿ ಆದಾಕಿ ಅವರ ಮುಂದ ಹಾದು ಹೋಗಬಹುದೇನು? ನಾವು ಹೋಗೋ ಸಂದಿ ಎಲ್ಲೈತಿ? ಯಾರು ಮುಚ್ಯಾರ ಅದನ್ನ?"

ಯಶೋಧಾ ಹಣೆ ಚಚ್ಚಿಕೊಂಡಳು. ಬಾಗಿಲಿದ್ದದ್ದನ್ನೆಲ್ಲ ಹಾಕಿದ್ದಳು, ಸಂದಿಗೆ ಎಲ್ಲಿಯ ಬಾಗಿಲು? ಆ ಹಾಳು ಲೈಬ್ರರಿ ಅಜ್ಜಿಯ ದಾರಿಯನ್ನೇ ನುಂಗಿ ನೀರು ಕುಡಿದಿತ್ತು. ಅಜ್ಜಿಯನ್ನೇ ಕೇಳಿ ಕೇಳಿ, ಗುಡಿಯ ಹಿಂದೆ ಸಂದಿ ಇದ್ದ ಉದ್ದಕ್ಕೂ ಲೈಬ್ರರಿ ಚಿತ್ರವೆಂದೇ ನಂಬುವಂಥ ಬರೀ ಬಿಳಿ ಚೌಕಗಳನ್ನಿಟ್ಟಳು. ಬಾಗಿಲುಗಳು ಮೆಲ್ಲಗೆ ಸರಿದು ದಾರಿ ಬಿಟ್ಟವು.

ಬೆರಳು ಸಂದಿ ಹೊಕ್ಕಿತು. ಏನೂ ಇಲ್ಲದ ಆ ಬಿಳಿಯಲ್ಲಿ ಅಜ್ಜಿ ಬೇವಿನ ಮರ ಕಂಡಳು, ಬಾವಿ ಕಂಡಳು, ಯಾರದೋ ಎಮ್ಮೆಗೆ "ಸರಿಯೇ ಅತ್ತಾಗ" ಎಂದು ಗದರಿದಳು. ಕೊನೆಯ ಬಾಗಿಲು ಮುಟ್ಟಿದ ಮೇಲೆ ಕೈಯ ಚೀಲವನ್ನು ಕೆಳಗಿಟ್ಟಳು.

"ಅತ್ತೀ, ಬಂದ್ನಿರಿ," ಎಂದಳು. ಮುಖ ಅರಳಿತ್ತು. ಯಶೋಧಾಗೆ ಸಂತೋಷಕ್ಕೆ ಕಣ್ಣು ತುಂಬಿತು. ಅಜ್ಜಿ ತಿರುಗಿ ಅವಳ ಕೈ ಹಿಡಿದಳು.

"ಪಾಪ, ಇಷ್ಟು ದೂರ ಕಳಸಾಕ ಬಂದಿ. ಯಾರ ಮಗಳವ್ವ ನೀನು? ಒಳಗ ಬಾ, ಉಂಡು ಹೋಗುವಂತಿ."

ಯಶೋಧಾ ಕಣ್ಣೊರೆಸಿಕೊಂಡಳು. "ಬಂದ್ನಿ, ನಡೀರಿ," ಎಂದಳು, ಹೊರಗಿನವಳ ಹಾಗೆ.