ನಮೂನೆ ಮೂರು, ಕಲಂ ನಾಲ್ಕು

ಸರ್ಕಾರಿ ಮುದ್ರಣಾಲಯದ ಎರಡನೇ ಮಹಡಿಯಲ್ಲಿ ಕೂತು ಕಾಯಿದೆಗಳ ಕರಡು ತಿದ್ದುವವಳನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವಳು. ಆಳುವವರ ಬಗ್ಗೆ ಅವಳಿಗಿದ್ದ ಅಭಿಪ್ರಾಯ ಅವರ ವಾಕ್ಯಗಳನ್ನು ಓದಿಯೇ ಹುಟ್ಟಿದ್ದು. ಕ್ರಿಯಾಪದವೇ ಇಲ್ಲದ ವಾಕ್ಯಕ್ಕೆ ಕೈ ಎತ್ತಿ ಒಪ್ಪಿಗೆ ಕೊಟ್ಟ ಮಂದಿಯನ್ನು ಗೌರವಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಸಲದ ಕಾಯಿದೆಯನ್ನು ಮಾತ್ರ ಅವಳು ಮೂಗು ಮುರಿಯದೆ ಓದಲು ಕೂತಳು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಗಸರಿಗೆ ನ್ಯಾಯಾಲಯದಿಂದ ರಕ್ಷಣೆಯ ಆಜ್ಞೆ ಸಿಗುವಂತೆ ಮಾಡುವ ಕಾಯಿದೆ. ಅವಳ ತಂಗಿ ಐದು ವಾರದಿಂದ ಊರಿನ ಇನ್ನೊಂದು ಮೂಲೆಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅಡಗಿ ಕೂತು ಇದನ್ನೇ ಕಾಯುತ್ತಿದ್ದಳು. ತಂಗಿಯ ಎಡ ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ. ತಂಗಿಯ ಗಂಡ, ಕಾರು ಓಡಿಸುವುದನ್ನು ಕಲಿಸುವ ಶಾಲೆಯ ಒಡೆಯ, ಹೆಂಡತಿಯನ್ನು ಹುಡುಕಿಕೊಂಡು ಭೂತಗನ್ನಡಿಯ ಮನೆಗೆ ಎರಡು ಸಲ ಬಂದಿದ್ದ. ಮಂಚದ ಕೆಳಗೂ ಬಗ್ಗಿ ನೋಡಿ, ಪ್ಯಾಂಟಿನ ಮಂಡಿಯ ಧೂಳು ಕೊಡವಿಕೊಂಡು, "ಅತ್ತಿಗೆ, ನಿಮ್ಮ ಕೈಯ ಚಹಾದ ರುಚಿ ನಿಮ್ಮ ತಂಗಿಗೆ ಬರಲೇ ಇಲ್ಲ ನೋಡಿ" ಎಂದು ಹಲ್ಲು ಕಿರಿದಿದ್ದ. ಅವನು ಕುಡಿದಿಟ್ಟ ಲೋಟವನ್ನು ಅವಳು ಆಮೇಲೆ ಬಳಸಲಿಲ್ಲ.

ಕಲಂ ನಂತರ ಕಲಂ ಓದುತ್ತಾ ಹೋದಳು. ತಪ್ಪುಗಳಿದ್ದವು, ಆದರೆ ಸಹಿಸಬಹುದಾದ ತಪ್ಪುಗಳು. ಕೊನೆಯ ಅನುಬಂಧದ ಮೂರನೇ ನಮೂನೆಗೆ ಬಂದಾಗ ಪೆನ್ನು ನಿಂತಿತು. ಅರ್ಜಿ ಬಂತೆಂದು ಗಂಡನಿಗೆ ಕಳಿಸುವ ನೋಟಿಸು ಅದು. ನಾಲ್ಕನೇ ಕಲಂ: 'ಅರ್ಜಿದಾರರು ಸದ್ಯ ವಾಸವಿರುವ ಸ್ಥಳದ ಪೂರ್ಣ ವಿಳಾಸ, ಹತ್ತಿರದ ಗುರುತು ಸಹಿತ.' ಐದನೇ ಕಲಂ: 'ಸದರಿ ಸ್ಥಳಕ್ಕೆ ಎಷ್ಟು ಬಾಗಿಲುಗಳಿವೆ, ಯಾವ ಬೀದಿಗೆ ತೆರೆಯುತ್ತವೆ.'

ಈ ಸಾಲುಗಳ ಪರಿಚಯ ಅವಳಿಗಿತ್ತು. ಒಂಬತ್ತು ವರ್ಷದ ಹಿಂದೆ ಬಾಡಿಗೆ ಮನೆಗಳ ಕಾಯಿದೆಯಲ್ಲಿ ಇವನ್ನೇ ತಿದ್ದಿದ್ದಳು. ಯಾವನೋ ಮಹಾಶಯ ಹೊಸ ನಮೂನೆ ಬರೆಯಲು ಬೇಸರವಾಗಿ, ಹಳೆಯದನ್ನು ಎತ್ತಿ ತಂದು 'ಬಾಡಿಗೆದಾರ' ಇದ್ದಲ್ಲಿ 'ಅರ್ಜಿದಾರ' ಎಂದು ಕೂರಿಸಿ ಊಟಕ್ಕೆ ಎದ್ದು ಹೋಗಿದ್ದ. ಸಮಿತಿ ಓದಲಿಲ್ಲ. ಸದನವೂ ಓದಲಿಲ್ಲ. ಅಡಗಿ ಕೂತ ಹೆಂಗಸಿನ ಬಾಗಿಲುಗಳನ್ನು ಲೆಕ್ಕ ಹಾಕಿ, ಹೊಡೆದವನಿಗೆ ಸರ್ಕಾರಿ ಖರ್ಚಿನಲ್ಲಿ ಅಂಚೆ ಮಾಡುವ ಏರ್ಪಾಡಿಗೆ ಎಲ್ಲರೂ ಮೇಜು ಕುಟ್ಟಿ ಸಂತೋಷಪಟ್ಟಿದ್ದರು.

ಅವಳು ಹಾಳೆ ಹಿಡಿದುಕೊಂಡು ಅಂಗಳ ದಾಟಿ ಉಪಕಾರ್ಯದರ್ಶಿಯ ಕೋಣೆಗೆ ಹೋದಳು. ಆತ ಮರುದಿನದ ಬಿಡುಗಡೆ ಸಮಾರಂಭಕ್ಕೆ ಮೊದಲ ಪ್ರತಿಗೆ ಕಟ್ಟುವ ರಿಬ್ಬನ್ನುಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದ.

"ಬಾಮ್ಮಾ, ಸರಿಯಾದ ಹೊತ್ತಿಗೆ ಬಂದೆ. ನೇರಳೆ ಚೆನ್ನಾಗಿರುತ್ತೋ, ಕೇಸರಿಯೋ?"

"ಸರ್, ನೋಟಿಸಲ್ಲಿ ಹೆಂಗಸಿನ ವಿಳಾಸ ಇದೆ. ಇದು ಗಂಡನ ಕೈಗೆ ಹೋಗುತ್ತೆ."

"ಹೋಗಲಿ. ಹೆಂಡತಿ ಎಲ್ಲಿದ್ದಾಳೆ ಅಂತ ಗಂಡನಿಗೆ ಗೊತ್ತಾಗಬಾರದಾ?"

"ಅದಕ್ಕೇ ಅಲ್ವಾ ಸರ್ ಈ ಕಾಯಿದೆ ಬಂದಿರೋದು?"

"ನೋಡು, ಇಂಥ ಜಗಳ ಮುಕ್ಕಾಲು ಪಾಲು ಎದುರು ಬದುರು ಕೂತರೆ ತಾನಾಗೇ ಬಗೆಹರಿಯುತ್ತೆ." ಆತ ನೇರಳೆ ರಿಬ್ಬನ್ನನ್ನು ಬೆಳಕಿಗೆ ಹಿಡಿದ. "ನಿನ್ನ ಕೆಲಸ ಏನು? ಮೂಲದಲ್ಲಿ ಇದ್ದದ್ದು ಅಚ್ಚಲ್ಲೂ ಇದೆಯಾ ಅಂತ ನೋಡೋದು. ಯೋಚನೆ ಮಾಡೋಕೆ ಬೇರೆಯವರಿದ್ದಾರೆ."

ಯೋಚನೆ ಮಾಡುವವರು ಯಾರೆಂದು ಅವಳು ಕೋಣೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ ಹುಡುಕಿದಳು. "ಸಮಿತಿಗೆ ಒಂದು ಚೀಟಿ ಬರೆದರೆ..."

"ಅಯ್ಯೋ, ಸಮಿತಿ ಸೇರಬೇಕು ಅಂದ್ರೆ ಅಧ್ಯಕ್ಷರಿಗೆ ಪುರುಸೊತ್ತಾಗಬೇಕು. ನೀರಿನ ಕಾಯಿದೆಯಲ್ಲಿ ಒಂದು ಸಾಲೇ ಬಿಟ್ಟುಹೋಗಿ ಹನ್ನೊಂದು ವರ್ಷ ಆಯ್ತು. ಇನ್ನೂ ಸರಿಮಾಡೋಕೆ ಆಗಿಲ್ಲ. ಸರಿಮಾಡಿದ್ರೆ ತಪ್ಪು ಯಾರದು ಅಂತ ಕೇಳ್ತಾರಲ್ಲ! ಅಚ್ಚಾದದ್ದೇ ಕಾಯಿದೆ ತಾಯಿ. ಹೋಗು, ಸಂಜೆಯೊಳಗೆ ಸಹಿ ಹಾಕಿ ಕಳಿಸು."

ಅವಳು ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ನೇರಳೆನೇ ಇರಲಿ ಸರ್. ಬಾಸುಂಡೆಗೆ ಹೊಂದುತ್ತೆ."

ಆತ ತಲೆದೂಗಿ ಕೇಸರಿಯನ್ನು ಡ್ರಾಯರಿಗೆ ಹಾಕಿದ.

ಮುದ್ರಣಾಲಯಕ್ಕೆ ಮರಳಿದಾಗ ಮೇಲಿನ ಮಹಡಿಯಲ್ಲಿ ಪುಟ ಕಟ್ಟುವ ಮುದುಕರೊಬ್ಬರು ಕಂಪ್ಯೂಟರಿನ ಮುಂದೆ ತೂಕಡಿಸುತ್ತಿದ್ದರು. ಸೀಸದ ಅಚ್ಚುಮೊಳೆಗಳ ಕಾಲದಿಂದಲೂ ಇರುವ ಹಿರಿಯರು. ಇಡೀ ಮುದ್ರಣಾಲಯಕ್ಕೆ ಮಾವ. ಅವಳು ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು.

"ಮಾವ, ನಮೂನೆ ಮೂರರಲ್ಲಿ ನಾಲ್ಕು, ಐದು ಬಿಟ್ಟುಹೋಗಿದೆ."

ಅವರು ಕನ್ನಡಕ ಸರಿಮಾಡಿಕೊಂಡರು. "ಎಲ್ಲಿ? ಇದೆಯಲ್ಲ!"

"ಇನ್ನೊಂದು ಸಲ ನೋಡಿ."

ಮಾವ ನಾಲ್ಕನ್ನು ಓದಿದರು, ಐದನ್ನು ಓದಿದರು, ಅವಳ ಮುಖ ಓದಿದರು. ತಂಗಿಯ ಮಣಿಕಟ್ಟಿನ ವಿಷಯ ಅವರಿಗೆ ಗೊತ್ತಿತ್ತು.

"ನನ್ನ ಕೈಯಲ್ಲಿ ಸಾಲು ಬಿದ್ದುಹೋಗೋದು ಹೊಸದಲ್ಲ, ವಯಸ್ಸಾಯ್ತು ಅಂತಾರೆ. ಆದ್ರೆ ತಾಳೆ ನೋಡಿದೆ ಅಂತ ಸಹಿ ಹಾಕೋಳು ನೀನು. ಈ ಕಟ್ಟಡದಲ್ಲಿ ನಿನ್ನ ಸಹಿಗೆ ಮಾತ್ರ ಮರ್ಯಾದೆ ಉಳಿದಿರೋದು ಕಣೇ."

"ಗೊತ್ತು."

"ಸರಿ, ಆರನ್ನ ನಾಲ್ಕು ಮಾಡ್ಲಾ? ಸಂಖ್ಯೆ ಸರಿಹೋಗುತ್ತೆ."

"ಬೇಡ. ಸರಿಮಾಡಿದ್ರೆ ಯಾರೋ ಬೇಕಂತಲೇ ಮಾಡಿದ್ದು ಅಂತ ಕಾಣುತ್ತೆ. ಮೂರು ಆದ್ಮೇಲೆ ಆರೇ ಇರಲಿ. ತಪ್ಪನ್ನ ಇಲ್ಲಿ ಯಾರೂ ಮುಟ್ಟಲ್ಲ."

ಮಾವ ಒಂದು ಗುಂಡಿ ಒತ್ತಿದರು. ಎರಡು ಸಾಲು ಹೋದವು. ಅವಳು ಕೆಂಪು ಪೆನ್ನು ಮುಚ್ಚಿ ನೀಲಿ ಪೆನ್ನು ತೆಗೆದು, 'ಮೂಲದೊಂದಿಗೆ ತಾಳೆ ನೋಡಲಾಗಿದೆ, ವ್ಯತ್ಯಾಸವಿಲ್ಲ' ಎಂಬ ಮುದ್ರೆಯ ಕೆಳಗೆ ಸಹಿ ಹಾಕಿದಳು. ಸಹಿ ಯಾವತ್ತಿನಂತೆ ದುಂಡಗೆ ಬಂತು. ಅದೇ ಅವಳಿಗೆ ಸ್ವಲ್ಪ ಕಸಿವಿಸಿ.

ಮರುದಿನ ನೇರಳೆ ರಿಬ್ಬನ್ನು ಬಿಚ್ಚಿದ ಮಂತ್ರಿ, ಇದರ ಒಂದೊಂದು ಅಕ್ಷರದ ಹಿಂದೆಯೂ ತಮ್ಮ ಬೆವರಿದೆ ಎಂದರು. ಮೂರಾದ ಮೇಲೆ ಆರು ಬಂದದ್ದು ವೇದಿಕೆಯ ಮೇಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ.

ಎರಡು ವಾರ ಕಳೆದು ಕಾಯಿದೆ ಜಾರಿಗೆ ಬಂದ ದಿನ ಅಕ್ಕತಂಗಿಯರು ನ್ಯಾಯಾಲಯದ ಕಿಟಕಿಯ ಮುಂದೆ ನಿಂತರು. ವಿಳಾಸವಿದ್ದ ಅರ್ಜಿಯನ್ನು ಗುಮಾಸ್ತೆ ಲಕೋಟೆಗೆ ಹಾಕಿ, ಅರಗು ಒತ್ತಿ, ನ್ಯಾಯಾಧೀಶರ ಕಪಾಟಿಗೆ ಕಳಿಸಿದಳು. ಆಮೇಲೆ ಗಂಡನಿಗೆ ಹೋಗುವ ನೋಟಿಸು ಎತ್ತಿಕೊಂಡು ಬೆರಳಿಟ್ಟು ತುಂಬುತ್ತಾ ಬಂದಳು. ಒಂದು, ಎರಡು, ಮೂರು. ಬೆರಳು ನಿಂತಿತು.

"ಇದೇನಿದು, ನಾಲ್ಕು, ಐದು ಎಲ್ಲಿ?"

ತಂಗಿ ಅಕ್ಕನ ಕೈ ಹಿಡಿದಳು. ಒಳಗಿನಿಂದ ಯಾರೋ ಕೂಗಿ ಹೇಳಿದರು, "ಬಾಡಿಗೆ ನೋಟಿಸಲ್ಲಿ ಅಲ್ಲಿ ವಿಳಾಸ ಬರುತ್ತೆ ಕಣ್ರೀ. ಕೈಯಲ್ಲೇ ಬರೆದುಬಿಡಿ."

ಗುಮಾಸ್ತೆ ಪೆನ್ನು ಎತ್ತಿದಳು. ಹೊಲಿಗೆ ಅಂಗಡಿ, ಅದರ ಎದುರಿನ ಔಷಧದಂಗಡಿ, ಹಿಂದಿನ ಮೆಟ್ಟಿಲ ಒಂದೇ ಬಾಗಿಲು, ಎಲ್ಲವೂ ಆ ಪೆನ್ನಿನ ತುದಿಯಲ್ಲಿ ನಿಂತವು.

"ಅಚ್ಚಲ್ಲಿ ಇಲ್ಲದ್ದನ್ನ ನಾನ್ಯಾಕೆ ಬರೀಲಿ?" ಗುಮಾಸ್ತೆ ಒಳಗಿನ ದನಿಯತ್ತ ಸಿಡುಕಿದಳು. "ನಾಳೆ ಮೇಲಿನವರು ಕೇಳಿದ್ರೆ ಜವಾಬು ಕೊಡೋಕೆ ನೀವು ಬರ್ತೀರಾ?" ಮೂರರಿಂದ ಆರಕ್ಕೆ ಹಾರಿ, ಮುದ್ರೆ ಕುಟ್ಟಿ, ನೋಟಿಸನ್ನು ಅಂಚೆಯ ತಟ್ಟೆಗೆ ಎಸೆದಳು. ಆಮೇಲೆ ಕಿಟಕಿಯಾಚೆಗಿನ ಇಬ್ಬರನ್ನೂ ಸಾಕ್ಷಿಗೆ ಕರೆದಂತೆ ನೋಡಿ ಹೇಳಿದಳು: "ಈ ಪ್ರೆಸ್ಸಿನವರ ಕಣ್ಣು ಎಲ್ಲಿರುತ್ತೋ! ಸಂಬಳಕ್ಕೆ ಮಾತ್ರ ಕೈ ಚಾಚ್ತಾರೆ."

"ಹೌದು ನೋಡಿ," ಎಂದಳು ಭೂತಗನ್ನಡಿ. "ಶುದ್ಧ ಬೇಜವಾಬ್ದಾರಿ ಜನ."