ನೀಲಿ ಹೊದಿಕೆ

"ಸಾಯೋದರಲ್ಲಾದ್ರೂ ಒಂದು ಅಳತೆ ಬೇಡ್ವೇನ್ರೋ ನಿಮಗೆ? ಹಂದಿ ಈಯೋ ಹಾಗೆ ಸಾಯ್ತೀರಲ್ಲ."

ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸಾಹೇಬರು ಹೀಗೆ ಕೇಳಿದಾಗ ನಾನು ಒಲೆಯ ಬಾಯಿಂದ ಬೂದಿ ಎಳೆಯುತ್ತಿದ್ದೆ. ಹೆಣ ಸುಡುವ ಒಲೆ. ಹದಿನಾರು ವರ್ಷದಿಂದ ಅದರ ಬಾಯಿ ಕಾಯುವವನು ನಾನೇ.

ಸಾಹೇಬರು ಹೊಳೆಯಾಚೆಯ ಜಿಲ್ಲೆಯ ಆರೋಗ್ಯಾಧಿಕಾರಿ. ದೇಶದಲ್ಲೇ ಸಾವು ಅತಿ ಕಡಿಮೆ ಎಂದು ಆ ಜಿಲ್ಲೆಗೆ ಪದಕ ಬಂದಿತ್ತು. ಈಚೆಯ ನಾವು ಅವರ ಮೂರು ಪಟ್ಟು ಸಾಯುತ್ತಿದ್ದೆವು. ನಮಗೆ ಬುದ್ಧಿ ಕಲಿಸಲು ಮೇಲಿನವರು ಅವರನ್ನೇ ಕಳಿಸಿದ್ದರು. ಬಿಸಿಲಿಗೆ ಕೊಡೆ ಹಿಡಿಯಲು ಒಬ್ಬ, ಬರೆದುಕೊಳ್ಳಲು ಒಬ್ಬ, ಸುಮ್ಮನೆ ತಲೆಯಾಡಿಸಲು ಇನ್ನೊಬ್ಬ ಜೊತೆಗಿದ್ದರು.

ಒಂದೇ ಹೊಳೆ, ಒಂದೇ ನೀರು, ಒಂದೇ ಗಾಳಿ, ನಡುವೆ ಒಂದು ಸೇತುವೆ. ಆದರೂ ಯಾಕೆ ಹೀಗೆ ಎಂದು ಸಾಹೇಬರು ಕೇಳಿದರು. ಉತ್ತರವನ್ನೂ ತಾವೇ ಕೊಟ್ಟರು. ಕೈ ತೊಳೆಯುವುದಿಲ್ಲ, ನೀರು ಕಾಯಿಸುವುದಿಲ್ಲ, ಕಂಡಲ್ಲಿ ಉಗುಳುತ್ತೀರಿ, ಹೇಳಿದರೆ ತಲೆಗೆ ಹತ್ತುವುದಿಲ್ಲ. ಬರೆಯುವವನು ಬರೆದುಕೊಂಡ. ತಲೆಯಾಡಿಸುವವನು ಆಡಿಸಿದ.

ಅಷ್ಟರಲ್ಲಿ ನನ್ನ ಸಲಿಕೆಗೆ ಗಟ್ಟಿಯಾದದ್ದೊಂದು ತಗುಲಿ ಠಣ್ ಎಂದಿತು. ಎಳೆದೆ. ಬೂದಿಬಣ್ಣದ ಗಡ್ಡೆ, ಮುಷ್ಟಿಗಿಂತ ದೊಡ್ಡದು.

"ಏನದು?"

"ಎದೆ ಸ್ವಾಮಿ. ಕಲ್ಲುಮಿಲ್ಲಿನವರ ಎದೆ ಒಂದೇ ಬೆಂಕಿಗೆ ಸುಡಲ್ಲ. ಮತ್ತೆ ಒಳಗೆ ಹಾಕ್ಬೇಕು."

ಸಾಹೇಬರು ಗಡ್ಡೆಯನ್ನು ನೋಡಿದರು, ಒಲೆಯನ್ನು ನೋಡಿದರು, ಬರೆಯುವವನ ಕಡೆ ತಿರುಗಿ, "ಸೌದೆ ಹಸಿ ಇದೆ ಅಂತ ಬರ್ಕೋ" ಅಂದರು.

ನಾನು ತಲೆ ತಗ್ಗಿಸಿಯೇ ಹೇಳಿದೆ. ಇವರೆಲ್ಲ ನಿಮ್ಮ ಕಡೆಯ ಮಿಲ್ಲಿನಲ್ಲೇ ಕಲ್ಲು ಪುಡಿ ಮಾಡಿದವರು, ಇಪ್ಪತ್ತು ವರ್ಷ ಆ ಧೂಳನ್ನೇ ಉಸಿರಾಡಿದವರು ಎಂದೆ. ಸಾಹೇಬರಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದರು.

"ಸಾವು ದುಡಿದ ಕಡೆಗೆ ಸೇರಲ್ಲ ಕಣೋ. ಹುಟ್ಟಿದ ಕಡೆಗೂ ಸೇರಲ್ಲ. ಉಸಿರು ಎಲ್ಲಿ ನಿಲ್ತೋ ಆ ಊರಿನ ಪುಸ್ತಕಕ್ಕೆ. ನಮ್ಮಲ್ಲಿ ಯಾರೂ ಸಾಯಲ್ಲ, ಅದಕ್ಕೆ ನಾನೇನು ಮಾಡ್ಲಿ?"

ಯಾರೂ ಸಾಯುವುದಿಲ್ಲ, ನಿಜ. ಮಿಲ್ಲಿನಲ್ಲಿ ಯಾರಾದರೂ ಕೆಮ್ಮಿ ರಕ್ತ ಉಗುಳಿದರೆ ಮೇಸ್ತ್ರಿ ಎರಡು ದಿನ ನೋಡುತ್ತಾನೆ. ಮೂರನೆಯ ದಿನ ಹೊಸ ನೀಲಿ ಹೊದಿಕೆಯೊಂದನ್ನು ಹೆಗಲಿಗೆ ಹಾಕಿ, ಕೈ ಮುಗಿದು, "ನಿಮ್ಮ ಮನೇಲಿ ನೆಮ್ಮದಿಯಾಗಿ ಮಲಗಿ" ಎಂದು ಖಾಲಿ ಲಾರಿಯಲ್ಲಿ ಸೇತುವೆ ದಾಟಿಸುತ್ತಾನೆ. ನಮ್ಮ ಕೇರಿಯಲ್ಲಿ ಒಬ್ಬರ ದಿನ ಮುಗಿಯಿತು ಎನ್ನಲು "ಹೊದಿಕೆ ಬಂತು" ಎನ್ನುತ್ತೇವೆ. ಸ್ವಂತ ಮಾಡಿನ ಕೆಳಗೆ, ಹೆತ್ತವರ ಕೈಯ ನೀರು ಕುಡಿದು ಜೀವ ಬಿಡುವುದು ನಮಗೆ ದೊಡ್ಡ ಪುಣ್ಯ. ಅಷ್ಟಾದರೂ ಕರುಣೆ ತೋರಿಸಿದ ಎಂದು ನಮ್ಮಮ್ಮ ದಿನಾ ದೀಪ ಹಚ್ಚುವಾಗ ಮಿಲ್ಲಿನ ಧಣಿಯ ಹೆಸರನ್ನೂ ಸೇರಿಸುತ್ತಿದ್ದಳು. ಬಾವನಿಗೆ ಹೊದಿಕೆ ಬಂದಾಗ ಸೇರಿಸಿದ ಹೆಸರು ಅದು. ಆರು ದಿನದ ಹಿಂದೆ ನನ್ನ ಅಕ್ಕನಿಗೂ ಬಂದಿತ್ತು.

ಆ ಸಂಜೆ ನಾನು ಮನೆಗೆ ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ನಗಲಿ ಎಂದು ಸಾಹೇಬರ ಕಥೆ ಹೇಳಿದೆ. ಹಸಿ ಸೌದೆಯ ಮಾತಿಗೆ ನಕ್ಕಳು, ನಗು ಕೆಮ್ಮಾಯಿತು, ಅಮ್ಮ ತಟ್ಟೆ ಹಿಡಿದಳು. ಬಾಯಿ ಒರೆಸಿಕೊಂಡು ಅಕ್ಕ, ಸಾಹೇಬ ಕೊನೆಗೆ ಏನಂದ, ಮತ್ತೆ ಹೇಳು ಎಂದಳು. ಹೇಳಿದೆ. ಮೂರನೆಯ ಸಲವೂ ಹೇಳಿಸಿಕೊಂಡಳು. ಆಮೇಲೆ ಮಡಿಲ ಮೇಲಿದ್ದ ಹೊದಿಕೆಯ ಅಂಚನ್ನು ಬೆರಳಲ್ಲಿ ತಿಕ್ಕಿದಳು.

"ಹಾಗಾದ್ರೆ ಇದು ಕರುಣೆಯಲ್ಲ" ಅಂದಳು. "ಕಸ ಪಕ್ಕದ ಮನೆ ಬಾಗಿಲಿಗೆ ಗುಡಿಸಿದ್ದು."

ಆಮೇಲೆ ನನ್ನ ಕಡೆ ತಿರುಗಿದಳು.

"ಬೆಳಿಗ್ಗೆ ಗಾಡಿ ತಗೊಂಡು ಬಾ. ನನ್ನ ಆಚೆ ಬಿಡು. ನನ್ನ ಸಾವನ್ನ ಆ ಬೋಳಿಮಕ್ಕಳು ಅವರ ಪುಸ್ತಕದಲ್ಲಿ ಬರೀಲಿ."

ಅಮ್ಮ ತಟ್ಟೆ ಕೆಳಗಿಟ್ಟು ಅಳತೊಡಗಿದಳು. ಪರರ ಜಗಲಿಯಲ್ಲಿ ಸತ್ತವರಿಗೆ ಸದ್ಗತಿಯಿಲ್ಲ, ದೇವರಿಗೆ ನೀನು ಕಾಣುವುದೇ ಇಲ್ಲ ಎಂದಳು. ಅಕ್ಕ ಅವಳ ಕೈ ಹಿಡಿದುಕೊಂಡಳು.

"ದೇವರಿಗೆ ಹೊಳೆ ದಾಟೋಕೆ ಬರಲ್ವೇನಮ್ಮಾ?"

ಬೆಳಿಗ್ಗೆ ದೀಪ ಹಚ್ಚುವಾಗ ಅಮ್ಮ ಧಣಿಯ ಹೆಸರು ಹೇಳಲಿಲ್ಲ. ನಾನು ಹೆಣದ ತಳ್ಳುಗಾಡಿಯನ್ನು ತೊಳೆದು ತಂದೆ. ನನ್ನ ಬಳಿ ಬೇರೆ ಗಾಡಿ ಇರಲಿಲ್ಲ. ಅಕ್ಕ ಅದರಲ್ಲಿ ಕೂತು ಹೊದಿಕೆ ಹೊದ್ದಳು. ಕೇರಿಯಲ್ಲಿ ಹೊದಿಕೆ ಬಂದವರು ಇನ್ನೂ ಹಲವರಿದ್ದರು. ಬಾಗಿಲುಗಳಲ್ಲಿ ಕೂತು ನೋಡಿದರು. ಎಲ್ಲಿಗೆ, ಯಾಕೆ ಎಂದು ಕೇಳಿದವರಿಗೆಲ್ಲ ಅಕ್ಕ ಉಸಿರು ಎಳೆದೆಳೆದು ಹೇಳಿದಳು.

ಸೇತುವೆಯ ಆಚೆ ತುದಿಯಲ್ಲಿ ದೊಡ್ಡ ಹಲಗೆಯಿದೆ, ಪದಕದ ಚಿತ್ರ ಬರೆಸಿದ್ದಾರೆ. ಅದರ ಕೆಳಗೆ ಮೇಸ್ತ್ರಿ ಸಿಕ್ಕಿದ. ಯಾಕಮ್ಮಾ ವಾಪಸ್ ಬಂದೆ, ಹೊದಿಕೆ ಹರಿದಿದ್ದರೆ ಇನ್ನೊಂದು ಕೊಡಿಸುತ್ತಿದ್ದೆನಲ್ಲ ಎಂದ. ಅಕ್ಕ ಅವನ ಕಾಲ ಬುಡಕ್ಕೆ ಉಗುಳಿದಳು. ಕೆಂಪಾಗಿತ್ತು. ಅವನು ಚಪ್ಪಲಿ ಹಿಂದೆ ಎಳೆದುಕೊಂಡ.

ಆರೋಗ್ಯ ಕಚೇರಿಯ ಜಗಲಿಯಲ್ಲಿ ಕಬ್ಬಿಣದ ಸರಳಿನ ಕಿಟಕಿ, ಒಳಗೆ ಗುಮಾಸ್ತ, ಅವನ ಮುಂದೆ ದಪ್ಪ ಪುಸ್ತಕ. ಕಿಟಕಿಗೆ ಒತ್ತಿ ಗಾಡಿ ನಿಲ್ಲಿಸಿದೆ. ಇಲ್ಲಿ ಬರೆಯುವುದು ಜನನ ಮರಣ ಮಾತ್ರ, ರೋಗಿಯನ್ನು ಆಸ್ಪತ್ರೆಗೆ ಒಯ್ಯಿ ಎಂದ ಗುಮಾಸ್ತ.

"ಬರೆಸೋಕೇ ಬಂದಿರೋದಪ್ಪಾ" ಅಂದಳು ಅಕ್ಕ. "ಸ್ವಲ್ಪ ತಡ ಆಗುತ್ತೆ. ನಿನ್ನ ಕೆಲಸ ನೋಡ್ಕೊ."

ಅವನ ಮುಖ ಸುಣ್ಣದ ಗೋಡೆಯಾಯಿತು. ಒಳಗೆ ಓಡಿದ. ಸಾಹೇಬರು ಬಂದರು. ಇಲ್ಲಿಯೂ ಕರವಸ್ತ್ರ ಮೂಗಿಗೆ ಹೋಯಿತು. ಒಲೆಯವನೇ, ಇದನ್ನು ಮೊದಲು ಆಚೆ ಒಯ್ಯಿ ಎಂದರು. ನಾನು ಗಾಡಿಯ ಹಿಡಿ ಬಿಟ್ಟು ನಿಂತೆ. ಜವಾನರು ನಾಲ್ಕು ಜನ ಗಾಡಿ ಎಳೆದರು. ಅಕ್ಕ ಎರಡೂ ಕೈಯಲ್ಲಿ ಸರಳು ಹಿಡಿದಳು. ಹತ್ತೊಂಬತ್ತು ವರ್ಷ ಮಿಲ್ಲಿನ ಬಾಯಿಗೆ ಬಂಡೆ ಹಾಕಿದ ಕೈಗಳು. ಗಾಡಿ ಅವಳ ಕೆಳಗಿನಿಂದ ಜಾರಿ ಹೋಯಿತು, ಕೈ ಜಾರಲಿಲ್ಲ. ನಾನು ಅವಳ ಸೊಂಟ ಆತು ಹಿಡಿದೆ. ಆ ಮೈಯಲ್ಲಿ ತೂಕವೇ ಇರಲಿಲ್ಲ, ಎದೆಯೊಂದನ್ನು ಬಿಟ್ಟು.

ಬಿಸಿಲು ಜಗಲಿಯ ಎರಡನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಆ ಎದೆಯ ಗೊರಗೊರ ನಿಂತಿತು.

ಮೊದಲು ತಿಳಿದದ್ದು ನನಗೆ, ಆಮೇಲೆ ಸಾಹೇಬರಿಗೆ. ಅವರ ದನಿ ಮೆತ್ತಗಾಯಿತು. ಮೈ ಇನ್ನೂ ಬಿಸಿ ಇದೆ, ನನ್ನ ಕಾರು ಕೊಡುತ್ತೇನೆ, ಐದು ನಿಮಿಷದಲ್ಲಿ ಸೇತುವೆ ದಾಟಬಹುದು, ಸ್ವಂತ ಮನೆಯಲ್ಲಿ ಹೋದರು ಎಂದರೆ ನಿಮ್ಮ ತಾಯಿಗೂ ಸಮಾಧಾನ ಎಂದರು. ಹೆಣಕ್ಕೆ ಬಹುವಚನ ಬಂದಿತ್ತು. ಜವಾನನೊಬ್ಬ ಅಕ್ಕನ ಬೆರಳು ಬಿಡಿಸಲು ಕೈ ಚಾಚಿದ. ನಾನು ಅವನ ಮುಖ ನೋಡಿದೆ. ಕೈ ಹಿಂದಕ್ಕೆ ತೆಗೆದುಕೊಂಡ.

"ಬರಿ" ಅಂದೆ ಗುಮಾಸ್ತನಿಗೆ.

ಅವನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಸಾಹೇಬರ ಕಡೆ ನೋಡಿದ. ಸಾಹೇಬರು ಅವನ ಕಡೆ ನೋಡುತ್ತಿರಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದರು.

ಅಲ್ಲಿ ಕೆಮ್ಮು ಕೇಳಿಸುತ್ತಿತ್ತು. ಪದಕದ ಹಲಗೆಯ ಕೆಳಗಿನಿಂದ ಒಂದು ನೀಲಿ ಹೊದಿಕೆ ಬರುತ್ತಿತ್ತು, ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ಒಬ್ಬನ ಬೆನ್ನ ಮೇಲೆ ಕೂತದ್ದೊಂದು. ಮೇಸ್ತ್ರಿ ಅವರ ಮುಂದೆ ಕೈ ಅಡ್ಡ ಹಿಡಿದು ಹಿಂದಹಿಂದಕ್ಕೆ ಸರಿಯುತ್ತಿದ್ದ. ಅವರಿಗೇನೂ ಅವಸರವಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು, ಕೆಮ್ಮಿ, ಉಗುಳಿ, ಮತ್ತೆ ನಡೆಯುತ್ತಿದ್ದರು.